ಡಬ್ಬದೊಳಗೆ ಎಷ್ಟು ಚೀಟಿ ಇದೆ? ಲಕ್ಕಿ ಡ್ರಾ, ಬಂಪರ್, ಕೂಪನ್ ಲೆಕ್ಕ

ದಸರಾಗೆ ಮುಂಚೆ ಅಮ್ಮ ಮೈಸೂರಲ್ಲಿ ಒಂದು ದೊಡ್ಡ ಬಟ್ಟೆ ಅಂಗಡಿಲಿ ಹನ್ನೆರಡು ಸಾವಿರಕ್ಕೆ ಸೀರೆ, ಪಂಚೆ, ಮಕ್ಕಳ ಬಟ್ಟೆ ಎಲ್ಲಾ ತಗೊಂಡ್ರು, ಎರಡು ಸಾವಿರಕ್ಕೊಂದು ಅಂತ ಆರು ಕೂಪನ್ ಕೊಟ್ಟಿದ್ರು. ಮನೆಗೆ ಬಂದ್ಮೇಲೆ ಆರನ್ನೂ ಚಾಮುಂಡಿ ಫೋಟೋ ಮುಂದೆ ಇಟ್ಟು ನನ್ನ ಕರೆದು, "ಲೋ, ನೀನು ಪಿಯು ಹುಡುಗ್ರಿಗೆ ಸ್ಟಾಟಿಸ್ಟಿಕ್ಸ್ ಹೇಳ್ಕೊಡ್ತೀಯಲ್ಲ, ಆರು ಕೂಪನ್ ಇದೆ, ಕಾರ್ ಬರೋ ಚಾನ್ಸ್ ಎಷ್ಟು ಅಂತ ಹೇಳು" ಅಂದ್ರು.

ಪ್ರಶ್ನೆ ಸರಿಯಾಗಿತ್ತು, ಆದ್ರೆ ಉತ್ತರ ಹೇಳಕ್ಕೆ ಆಗ್ಲಿಲ್ಲ. ಕೂಪನ್ ತಿರುಗ್ಸಿ ಮುರುಗ್ಸಿ ನೋಡ್ದೆ, ಮುಂದೆ ಕಾರಿನ ಫೋಟೋ, ಪಕ್ಕದಲ್ಲಿ ಫ್ರಿಡ್ಜು, ಮಿಕ್ಸಿ, ಕೆಳಗಡೆ ಸಣ್ಣಕ್ಷರದಲ್ಲಿ ಷರತ್ತುಗಳು ಅನ್ವಯಿಸುತ್ತವೆ ಅಂತ ಒಂದು ಸಾಲು. ಒಟ್ಟು ಎಷ್ಟು ಕೂಪನ್ ಹಂಚ್ತಾರೆ ಅನ್ನೋದು ಮಾತ್ರ ಎಲ್ಲೂ ಇರ್ಲಿಲ್ಲ. ಅದಿಲ್ದೆ ಲೆಕ್ಕನೇ ಶುರು ಆಗಲ್ಲ ಕಣ್ರೀ. ಚಾನ್ಸ್ ಅಂದ್ರೆ ನಮ್ಮ ಹತ್ರ ಇರೋ ಚೀಟಿನ ಡಬ್ಬದಲ್ಲಿರೋ ಒಟ್ಟು ಚೀಟಿಯಿಂದ ಭಾಗಿಸೋದು ಅಷ್ಟೇ, ಅದಕ್ಕಿಂತ ದೊಡ್ಡ ಗಣಿತ ಇಲ್ಲ. ಬಹುಮಾನ ಏನು ಅಂತ ಬಸ್ ಸ್ಟ್ಯಾಂಡ್ ಹೋರ್ಡಿಂಗಲ್ಲಿ ಹಾಕ್ತಾರೆ, ಡಬ್ಬ ಎಷ್ಟು ದೊಡ್ಡದು ಅಂತ ಯಾರೂ ಹೇಳಲ್ಲ, ನಾವೂ ಕೇಳಲ್ಲ. ಈ ಲೇಖನ ಪೂರ್ತಿ ಆ ಡಬ್ಬದ ಬಗ್ಗೆನೇ.

ಡಬ್ಬದ ಸೈಜು ಗೊತ್ತಿರೋ ಒಂದು ಉದಾಹರಣೆ ಇಂದ ಶುರು ಮಾಡೋಣ, ಅದೂ ನಮ್ಮ ಮಂಡ್ಯ ಜಿಲ್ಲೆದೇ. 2024ರ ಅಕ್ಟೋಬರ್ 9ಕ್ಕೆ ಕೇರಳ ಸರ್ಕಾರದ ಓಣಂ ಹಬ್ಬದ ಲಾಟರಿ, ತಿರುವೋಣಂ ಬಂಪರ್, ಡ್ರಾ ಆಯ್ತು, ಮೊದಲ ಬಹುಮಾನ 25 ಕೋಟಿ, ಅದು ಬಂದಿದ್ದು ಪಾಂಡವಪುರದವರೊಬ್ಬರಿಗೆ, ಟಿಕೆಟ್ ತಗೊಂಡಿದ್ದು ವಯನಾಡಿನ ಸುಲ್ತಾನ್ ಬತ್ತೇರಿಲಿ. ನೆನಪಿರ್ಬೇಕು ನಿಮಗೆ, ಒಂದು ವಾರ ಮಂಡ್ಯ ಕಡೆ ಬೇರೆ ಮಾತೇ ಇರ್ಲಿಲ್ಲ, ನಮ್ಮ ಚಿಕ್ಕಪ್ಪನ ಮಗ ಅಂತೂ ಮುಂದಿನ ಸಲ ನಾನೂ ಗುಂಡ್ಲುಪೇಟೆ ಮೇಲೆ ಬತ್ತೇರಿಗೆ ಹೋಯ್ತೀನಿ ಕಣಣ್ಣ, ನಮ್ಮೂರ್ ಕಡೆಯೋರ್ಗೇ ಬಂದದೆ ಅಂದ್ಮೇಲೆ ನಮಗ್ಯಾಕ್ ಬರಾಕಿಲ್ಲ ಅಂತ ಕೂತ.

ಆ ಸಲ ಮಾರಾಟ ಆದ ಟಿಕೆಟ್ 71 ಲಕ್ಷದ ಮೇಲೆ, ಒಂದೊಂದಕ್ಕೆ 500 ರೂಪಾಯಿ. ಅಂದ್ರೆ ಒಂದು ಟಿಕೆಟ್ ಇದ್ರೆ 71 ಲಕ್ಷಕ್ಕೆ ಒಂದು ಚಾನ್ಸ್. ಬಾಯಲ್ಲಿ ಹೇಳೋದು ಸುಲಭ, ಆದ್ರೆ ನಮ್ಮ ತಲೆಗೆ 71 ಸಾವಿರಕ್ಕೂ 71 ಲಕ್ಷಕ್ಕೂ ವ್ಯತ್ಯಾಸನೇ ಗೊತ್ತಾಗಲ್ಲ, ಎರಡೂ ತುಂಬಾ ಅಂತ ಒಂದೇ ಮೂಟೆಗೆ ಹಾಕ್ಬಿಡ್ತೀವಿ. ಅದಕ್ಕೆ ನಾನು ಕ್ಲಾಸಲ್ಲಿ ಹೀಗೆ ಹೇಳ್ತೀನಿ. 2011ರ ಜನಗಣತಿ ಪ್ರಕಾರ ಮೈಸೂರು ಜಿಲ್ಲೆ 30 ಲಕ್ಷ, ಮಂಡ್ಯ 18 ಲಕ್ಷ, ಹಾಸನ 17 ಲಕ್ಷ 76 ಸಾವಿರ, ಕೊಡಗು ಐದೂವರೆ ಲಕ್ಷ. ನಾಲ್ಕೂ ಕೂಡಿದ್ರೆ 71 ಲಕ್ಷ ಚಿಲ್ಲರೆ. ಹೆಚ್ಚುಕಮ್ಮಿ ಆ ಬಂಪರ್ ಟಿಕೆಟ್ ಎಷ್ಟೋ ಅಷ್ಟೇ! ಈಗ ನಾಲ್ಕು ಜಿಲ್ಲೆಲಿರೋ ಪ್ರತಿಯೊಬ್ಬರ ಕೈಲೂ, ಕೆ.ಆರ್. ಆಸ್ಪತ್ರೆಲಿ ಇವತ್ತು ಬೆಳಿಗ್ಗೆ ಹುಟ್ಟಿದ ಕೂಸಿಂದ ಹಿಡಿದು ಭಾಗಮಂಡಲದಲ್ಲಿ ಕಾಫಿ ಕೀಳೋ ಅಜ್ಜಿವರೆಗೂ, ಒಂದೊಂದು ಟಿಕೆಟ್ ಇದೆ ಅಂದ್ಕೊಳ್ಳಿ. ಹಾಸನದಿಂದ ಬಸ್ ಹತ್ತಿ ಕೆ.ಆರ್. ನಗರದ ಮೇಲೆ ಮೈಸೂರಿಗೆ ಬರ್ತಾ ಕಿಟಕಿಲಿ ಕಾಣೋ ಒಂದೊಂದು ಮುಖನೂ ನೆನೆಸ್ಕೊಳ್ಳಿ, ದಾರಿಲಿ ಸಿಗೋ ಒಂದೊಂದು ಊರು, ಒಂದೊಂದು ಮನೆ, ಗದ್ದೆಲಿ ಬಗ್ಗಿರೋ ಒಂದೊಂದು ಬೆನ್ನು. ಅಷ್ಟು ಜನದಲ್ಲಿ ಯಾರೋ ಒಬ್ಬರು ಕಣ್ಣುಕಟ್ಟಿಕೊಂಡು ಒಂದೇ ಒಂದು ಹೆಸರು ಕರೀತಾರೆ. ಅದು ನಿಮ್ಮ ಹೆಸರೇ ಆಗೋದು ಎಷ್ಟು ಸಾಧ್ಯನೋ ಅಷ್ಟೇ ಸಾಧ್ಯ ಬಂಪರ್ ಹೊಡೆಯೋದು.

ಆದ್ರೂ ನಮಗೆ ಹತ್ತಿರ ಅನ್ನಿಸುತ್ತಲ್ಲ ಯಾಕೆ? ಯಾಕಂದ್ರೆ ಗೆದ್ದವರೊಬ್ಬರೇ ಟಿವಿಲಿ ಬರ್ತಾರೆ. ಸೋತವರನ್ನ ಯಾರು ತೋರಿಸ್ತಾರೆ. ಒಂದು ಚಾನೆಲ್ ಮನಸ್ಸು ಮಾಡಿ ಸೋತ ಒಂದೊಂದು ಟಿಕೆಟ್‌ಗೂ ಬರೀ ಐದು ಸೆಕೆಂಡು ಕೊಟ್ಟು, ಅಡ್ವರ್ಟೈಸ್‌ಮೆಂಟ್ ಇಲ್ದೆ ಹಗಲು ರಾತ್ರಿ ತೋರಿಸಿದ್ರೆ 413 ದಿನ ಬೇಕು, ಒಂದು ವರ್ಷ ಮುಗಿದು ಇನ್ನೂ ಒಂದೂವರೆ ತಿಂಗಳು. ಅಷ್ಟು ಹೊತ್ತು ನೋಡಿ ಕೊನೆಗೆ ಐದು ಸೆಕೆಂಡ್ ಪಾಂಡವಪುರ ನೋಡಿದ್ರೆ ಮಾತ್ರ ನಮಗೆ ನಿಜವಾದ ಅಳತೆ ಸಿಗೋದು. ಮತ್ತೆ ಇನ್ನೊಂದು ವಿಷ್ಯ, ಯಾರಿಗೋ ಒಬ್ಬರಿಗೆ ಬರೋದು ಗ್ಯಾರಂಟಿ, ನನಗೆ ಬರೋದು 71 ಲಕ್ಷಕ್ಕೊಂದು, ಇವೆರಡೂ ಬೇರೆ ಬೇರೆ ಪ್ರಶ್ನೆ. ಮೊದಲನೇದರ ಉತ್ತರನ ಎರಡನೇದಕ್ಕೆ ಹಾಕ್ಕೊಳ್ತೀವಿ ನಾವು, ನಮ್ಮೂರ್ ಪಕ್ಕ ಬಂತು ಅನ್ನೋದು ಅದನ್ನೇ. ಪಾಂಡವಪುರಕ್ಕೂ ಚೀಟಿ ಎತ್ತೋ ಮೆಷಿನ್‌ಗೂ ಯಾವ ಸಂಬಂಧನೂ ಇಲ್ಲ, ಅಲ್ಲಿ ಒಂದ್ಸಲ ಬಂತು ಅಂತ ಮಂಡ್ಯದವರ ಚಾನ್ಸ್ ಒಂದು ಕೂದಲೆಳೆಯಷ್ಟೂ ಜಾಸ್ತಿ ಆಗಿಲ್ಲ ಕಮ್ಮಿನೂ ಆಗಿಲ್ಲ.

ಸರಿ, ದುಡ್ಡಿನ ಲೆಕ್ಕ. 25 ಕೋಟಿನ 71 ಲಕ್ಷ ಟಿಕೆಟ್‌ಗೆ ಹಂಚಿದ್ರೆ ಒಂದು ಟಿಕೆಟ್ ಪಾಲಿಗೆ 35 ರೂಪಾಯಿ ಬರುತ್ತೆ. ಎರಡನೇ ಬಹುಮಾನ 20 ಜನಕ್ಕೆ ಕೋಟಿ ಕೋಟಿ, ಮೂರನೇದು 20 ಜನಕ್ಕೆ 50 ಲಕ್ಷ, ಅವನ್ನೂ ಸೇರಿಸಿದ್ರೆ ಒಟ್ಟು 55 ಕೋಟಿ, ಅಂದ್ರೆ ಟಿಕೆಟ್‌ಗೆ 77 ರೂಪಾಯಿ. ಕೆಳಗಡೆ ಇನ್ನೂ ಐದು ಸಾವಿರ, ಎರಡು ಸಾವಿರ, ಐನೂರರ ಚಿಕ್ಕ ಬಹುಮಾನ ತುಂಬಾ ಇದೆ, ಅವೆಲ್ಲಾ ಸೇರಿದ್ರೂ ಕೊಟ್ಟ 500ರ ಹತ್ರಕ್ಕೂ ಬರಲ್ಲ. ಬರಂಗೂ ಇಲ್ಲ, ಯಾಕಂದ್ರೆ ಅದರಲ್ಲೇ ತೆರಿಗೆ, ಏಜೆಂಟ್ ಕಮಿಷನ್, ಸರ್ಕಾರದ ಆದಾಯ ಎಲ್ಲಾ ಆಗ್ಬೇಕು, ಕೇರಳ 1967ರಿಂದ ಲಾಟರಿ ನಡೆಸ್ತಿರೋದೇ ಸರ್ಕಾರಕ್ಕೆ ದುಡ್ಡು ಬರ್ಲಿ ಅಂತ. ಇನ್ನು ಗೆದ್ದವರ ಕೈಗೂ 25 ಕೋಟಿ ಬರಲ್ಲ, ಮೊದಲು ಟಿಕೆಟ್ ಮಾರಿದ ಏಜೆಂಟ್‌ಗೆ ಹತ್ತು ಪರ್ಸೆಂಟ್, ಉಳಿದ ಇಪ್ಪತ್ತೆರಡೂವರೆ ಕೋಟಿಲಿ 30 ಪರ್ಸೆಂಟ್ ಟ್ಯಾಕ್ಸು, ಅಲ್ಲಿಗೆ 15 ಕೋಟಿ 75 ಲಕ್ಷಕ್ಕೆ ಇಳೀತು, ಆಮೇಲೆ ಸರ್‌ಚಾರ್ಜು ಮತ್ತೆ 4 ಪರ್ಸೆಂಟ್ ಸೆಸ್ಸು ಬೇರೆ.

ಹತ್ತು ಟಿಕೆಟ್ ತಗೊಂಡ್ರೆ ಚಾನ್ಸ್ ಹತ್ತು ಪಟ್ಟು ಆಗುತ್ತಲ್ವಾ ಅಂತ ನನ್ನ ಸ್ಟೂಡೆಂಟ್ಸ್ ಯಾವಾಗ್ಲೂ ಕೇಳ್ತಾರೆ. ಆಗುತ್ತೆ, ನಿಜ. 71 ಲಕ್ಷಕ್ಕೆ ಒಂದು ಇದ್ದಿದ್ದು 7 ಲಕ್ಷ 10 ಸಾವಿರಕ್ಕೆ ಒಂದು ಆಗುತ್ತೆ, ಖರ್ಚು 5,000. ಹತ್ತು ಪಟ್ಟು ಅನ್ನೋ ಮಾತು ಕೇಳಕ್ಕೆ ದೊಡ್ಡದು, ಆದ್ರೆ ಸೊನ್ನೆ ಪಕ್ಕದಲ್ಲಿರೋದನ್ನ ಹತ್ತರಿಂದ ಗುಣಿಸಿದ್ರೂ ಅದು ಸೊನ್ನೆ ಪಕ್ಕದಲ್ಲೇ ಕೂತಿರುತ್ತೆ. ಪ್ರತಿ ಓಣಂಗೆ ಒಂದು ಟಿಕೆಟ್ ಅಂತ 50 ವರ್ಷ ತಗೊಂಡ್ರೂ 25,000 ರೂಪಾಯಿ ಹೋಗುತ್ತೆ, ಆ ಐವತ್ತು ವರ್ಷದಲ್ಲಿ ಒಂದ್ಸಲ ಆದ್ರೂ ಮೊದಲ ಬಹುಮಾನ ಬರೋ ಚಾನ್ಸು ಒಂದು ಲಕ್ಷದ 42 ಸಾವಿರಕ್ಕೆ ಒಂದು.

ಇಲ್ಲೇ ಇನ್ನೊಂದು ತಪ್ಪು ಹುಟ್ಟೋದು, ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ ಯಾಕಂದ್ರೆ ಓದಿರೋರೂ ಇಲ್ಲೇ ಎಡವೋದು. ಎಷ್ಟೋ ವರ್ಷದಿಂದ ಹಾಕ್ತಿದೀನಿ, ಬಂದಿಲ್ಲ, ಆದ್ರಿಂದ ಇನ್ಮೇಲೆ ಬರ್ಲೇಬೇಕು ಅನ್ನೋದು. ಚೀಟಿ ಎತ್ತೋ ಮೆಷಿನ್‌ಗೆ ನೆನಪಿಲ್ಲ. ಹೋದ ವರ್ಷ ಯಾರು ಸೋತ್ರು, ಯಾರು ಸಾಲ ಮಾಡಿ ತಗೊಂಡ್ರು, ಯಾರ ಮಗಳ ಮದುವೆ ಇದೆ ಏನೂ ಗೊತ್ತಿಲ್ಲ ಅದಕ್ಕೆ. ಪ್ರತಿ ಡ್ರಾನೂ ಹೊಸದು, ಹಳೇ ಸೋಲು ಡೆಪಾಸಿಟ್ ಥರ ಜಮಾ ಆಗಲ್ಲ. ನೂರಕ್ಕೆ ಒಂದು ಚಾನ್ಸ್ ಇರೋ ಲಕ್ಕಿ ಡ್ರಾಗೆ ನೂರು ಸಲ ಹಾಕಿದ್ರೆ ಒಂದ್ಸಲ ಬಂದೇ ಬರುತ್ತೆ ಅಂತ ನಾವು ಅಂದ್ಕೋತೀವಿ, ಸರಿ ಅನ್ಸುತ್ತೆ, ಆದ್ರೆ ತಪ್ಪು. ಒಂದ್ಸಲ ಸೋಲೋ ಚಾನ್ಸು ನೂರಕ್ಕೆ 99. ನೂರು ಸಲನೂ ಸೋಲ್ಬೇಕು ಅಂದ್ರೆ 0.99ನ ನೂರು ಸಲ ಅದರಿಂದಲೇ ಗುಣಿಸ್ತಾ ಹೋಗ್ಬೇಕು, ಫೋನ್ ಕ್ಯಾಲ್ಕುಲೇಟರಲ್ಲೇ ಮಾಡಿ ನೋಡಿ, 0.366 ಬರುತ್ತೆ. ಅಂದ್ರೆ ನೂರು ಜನ ಹೀಗೆ ನೂರು ನೂರು ಸಲ ಹಾಕಿದ್ರೆ ಅವರಲ್ಲಿ ಸುಮಾರು 37 ಜನ ಒಂದ್ಸಲನೂ ಗೆಲ್ಲಲ್ಲ, ಪೂರ್ತಿ ಬರಿಗೈ. ಮಿಕ್ಕ 63ರಲ್ಲಿ ಕೆಲವರು ಎರಡು ಸಲ ಮೂರು ಸಲ ಗೆದ್ದಿರ್ತಾರೆ, ಸರಾಸರಿ ಸರಿಹೋಗೋದು ಹೀಗೆ. ಪಕ್ಕದ ಮನೆಯವರಿಗೆ ಎರಡು ಸಲ ಮಿಕ್ಸಿ ಬಂದು ನಮಗೆ ಒಂದೂ ಬರ್ಲಿಲ್ಲ ಅಂದ್ರೆ ಅಲ್ಲಿ ಮೋಸ ಇರ್ಲೇಬೇಕು ಅಂತಿಲ್ಲ, ಲೆಕ್ಕನೇ ಹಂಗಿದೆ.

ಈವರೆಗೂ ಹೇಳಿದ್ದು ಚೀಟಿ ಎತ್ತೋ ಥರದ್ದು. ಅಮೆರಿಕದ ಪವರ್‌ಬಾಲ್ ಲಾಟರಿ ಥರದ್ರಲ್ಲಿ 69 ನಂಬರಲ್ಲಿ ಐದು, ಇನ್ನೊಂದು 26ರಲ್ಲಿ ಒಂದು ಸರಿಯಾಗಿ ಹೇಳ್ಬೇಕು, ಅಲ್ಲಿ ಜಾಕ್‌ಪಾಟ್ ಚಾನ್ಸ್ 29 ಕೋಟಿ 22 ಲಕ್ಷಕ್ಕೆ ಒಂದು. ಎಷ್ಟು ಜನ ಟಿಕೆಟ್ ತಗೊಂಡ್ರೂ ಆ ಚಾನ್ಸ್ ಬದಲಾಗಲ್ಲ, ಯಾರಿಗೂ ಬರ್ದೇ ಮುಂದಿನ ಡ್ರಾಗೆ ದುಡ್ಡು ಬೆಳೀತಾ ಹೋಗೋದು ಅದಕ್ಕೇ.

ಈಗ ಅಮ್ಮನ ಆರು ಕೂಪನ್‌ಗೆ ವಾಪಸ್ ಬರೋಣ. ಡಬ್ಬದ ಸೈಜು ಅಂಗಡಿಯವರು ಹೇಳಲ್ಲ, ನಾನು ಹೋಗಿ ಕೌಂಟರಲ್ಲಿ ಕೇಳ್ದೆ, ಲೆಕ್ಕ ಇಟ್ಟಿಲ್ಲ ಸಾರ್ ಅಂದ್ರು. ಆದ್ರೆ ಕೂಪನ್ ಮೇಲೆ ಸೀರಿಯಲ್ ನಂಬರ್ ಇತ್ತಲ್ಲ! ಅದೊಂದಿದ್ರೆ ಸಾಕು. ನಮ್ಮ ಬೀದಿಲಿ ಅದೇ ಅಂಗಡಿಗೆ ಬೇರೆ ಬೇರೆ ದಿನ ಹೋಗಿದ್ದ ಐದು ಮನೆಯವರ ಹತ್ರ ಒಂದೊಂದು ಕೂಪನ್ ನಂಬರ್ ಕೇಳಿ ಬರ್ಕೊಂಡೆ. 3,118. 7,940. 11,265. 16,702. 18,450. ಇದರಲ್ಲಿ ದೊಡ್ಡದು 18,450, ಒಟ್ಟು ಕೂಪನ್ ಅದಕ್ಕಿಂತ ಕಮ್ಮಿ ಇರಕ್ಕಂತೂ ಸಾಧ್ಯ ಇಲ್ಲ. ಎಷ್ಟು ಜಾಸ್ತಿ ಇರಬಹುದು? ಐದು ನಂಬರು ಒಂದು ಗೆರೆ ಮೇಲೆ ಅಲ್ಲಲ್ಲಿ ಬಿದ್ದಿವೆ ಅಂದ್ಕೊಳ್ಳಿ, ಅವುಗಳ ನಡುವಿನ ಗ್ಯಾಪು ಸರಾಸರಿ ಎಷ್ಟಿದೆಯೋ ಸುಮಾರು ಅಷ್ಟೇ ಗ್ಯಾಪು ಕೊನೇ ನಂಬರಾದ್ಮೇಲೂ ಇರುತ್ತೆ ಅನ್ನೋದು ತರ್ಕ. 18,450ನ ಐದರಿಂದ ಭಾಗಿಸಿದ್ರೆ 3,690, ಅದನ್ನ 18,450ಕ್ಕೆ ಕೂಡಿ ಒಂದು ಕಳೆದ್ರೆ 22,139. ಅಲ್ಲಿವರೆಗೂ ಹಂಚಿರೋ ಕೂಪನ್ ಸುಮಾರು 22 ಸಾವಿರ.

ಇದು ನನ್ನ ಸ್ವಂತ ಐಡಿಯಾ ಅಲ್ಲ, ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಮತ್ತು ಅಮೆರಿಕನ್ ಲೆಕ್ಕಗಾರರು ಜರ್ಮನಿ ತಿಂಗಳಿಗೆ ಎಷ್ಟು ಟ್ಯಾಂಕ್ ಮಾಡ್ತಿದೆ ಅಂತ ಕಂಡುಹಿಡಿದಿದ್ದು ಇದೇ ದಾರಿಲಿ, ಸಿಕ್ಕಿದ ಟ್ಯಾಂಕಿನ ಬಿಡಿಭಾಗಗಳ ಮೇಲಿನ ಸೀರಿಯಲ್ ನಂಬರ್ ನೋಡಿ. ಗೂಢಚಾರರ ಅಂದಾಜು ತಿಂಗಳಿಗೆ 1,400 ಇತ್ತು, ನಂಬರ್ ನೋಡಿ ಲೆಕ್ಕ ಹಾಕಿದವರು 246 ಅಂದ್ರು, ಯುದ್ಧ ಮುಗಿದ್ಮೇಲೆ ಜರ್ಮನಿ ದಾಖಲೆ ತೆಗೆದು ನೋಡಿದ್ರೆ 245. ನನಗೆ ಇಡೀ ಸ್ಟಾಟಿಸ್ಟಿಕ್ಸಲ್ಲಿ ತುಂಬಾ ಇಷ್ಟದ ಕಥೆ ಇದು, ಪ್ರತಿ ವರ್ಷ ಹೇಳ್ತೀನಿ, ಪ್ರತಿ ವರ್ಷ ಹಿಂದಿನ ಬೆಂಚಿನ ಹುಡುಗರೂ ತಲೆ ಎತ್ತಿ ಕೇಳ್ತಾರೆ. ಒಂದು ಎಚ್ಚರಿಕೆ ಮಾತ್ರ, ನಂಬರು ಒಂದರಿಂದ ಸಾಲಾಗಿ ಹೋಗ್ತಿರಬೇಕು. ಅಂಗಡಿಗೆ ಮೂರು ಬ್ರಾಂಚ್ ಇದ್ದು ಒಂದೊಂದಕ್ಕೂ ಬೇರೆ ಸೀರೀಸ್ ಇದ್ರೆ ಅಥವಾ ನಂಬರು ಹತ್ತು ಸಾವಿರದಿಂದ ಶುರು ಮಾಡಿದ್ರೆ ಲೆಕ್ಕ ಕೆಡುತ್ತೆ, ಐದೇ ನಂಬರಿಂದ ಹಾಕಿದ್ದಾದ್ರಿಂದ ಅಂದಾಜು ಸ್ವಲ್ಪ ಆಚೆ ಈಚೆ ಹೋಗೋದೂ ಸಹಜ.

ಆಫರ್ ಮುಗಿಯಕ್ಕೆ ಇನ್ನೂ ಹತ್ತು ದಿನ ಇತ್ತು, ಹಬ್ಬದ ರಶ್ಶು ಬೇರೆ, ಹಾಗಾಗಿ ಕೊನೆಗೆ 30 ಸಾವಿರ ಅಂತ ಇಟ್ಕೊಂಡೆ. ಕಾರು ಒಂದು, ಅಮ್ಮನ ಕೂಪನ್ ಆರು, ಆರನ್ನ 30 ಸಾವಿರದಿಂದ ಭಾಗಿಸಿದ್ರೆ ಐದು ಸಾವಿರಕ್ಕೆ ಒಂದು. ಬಂಪರ್‌ಗೆ ಹೋಲಿಸಿದ್ರೆ ಸಾವಿರದ ನಾನೂರು ಪಟ್ಟು ಒಳ್ಳೇ ಚಾನ್ಸು, ಅಷ್ಟಾದ್ರೂ 5,000 ಅಂದ್ರೆ ಒಂದು ದೊಡ್ಡ ಹಳ್ಳಿಯ ಜನ. ಕಾರ್ ಬಿಟ್ಟು ಹತ್ತು ಫ್ರಿಡ್ಜು, ನೂರು ಮಿಕ್ಸಿ ಇತ್ತು, ಒಟ್ಟು 111 ಬಹುಮಾನ, ಏನೋ ಒಂದು ಬರೋ ಚಾನ್ಸು ಸುಮಾರು 45ಕ್ಕೆ ಒಂದು, ಬಂದ್ರೂ ಅದು ಮಿಕ್ಸಿನೇ ಆಗಿರೋದು ಹೆಚ್ಚು ಸಾಧ್ಯ. ಅಮ್ಮಂಗೆ ಇದನ್ನ ಹೇಳಿದ್ದಕ್ಕೆ, ಆ ನಲವತ್ತೈದರಲ್ಲಿ ಒಂದು ನಾನೇ ಯಾಕಾಗ್ಬಾರದು ಅಂದ್ರು. ಆಗಬಹುದು. ಚಾನ್ಸ್ ಲೆಕ್ಕ ನೀವು ಗೆಲ್ಲಲ್ಲ ಅಂತ ಯಾವತ್ತೂ ಹೇಳಲ್ಲ, ಇಂಥ ನಲವತ್ತೈದು ಮನೆಲಿ ನಲವತ್ತನಾಲ್ಕು ಮನೆಗೆ ಏನೂ ಬರಲ್ಲ ಅನ್ನೋದನ್ನ ಇಟ್ಕೊಂಡು ದುಡ್ಡು ಖರ್ಚು ಮಾಡಿ ಅಂತ ಹೇಳುತ್ತೆ.

ದುಡ್ಡು ಖರ್ಚು ಅಂದ್ನಲ್ಲ, ಅಸಲಿ ವಿಷ್ಯ ಇಲ್ಲಿದೆ. ಕಾರ್ 8 ಲಕ್ಷ, ಹತ್ತು ಫ್ರಿಡ್ಜು ಸೇರಿ 2 ಲಕ್ಷ, ನೂರು ಮಿಕ್ಸಿ 3 ಲಕ್ಷ ಅಂದ್ಕೊಂಡ್ರೆ ಒಟ್ಟು 13 ಲಕ್ಷ, 30 ಸಾವಿರ ಕೂಪನ್‌ಗೆ ಹಂಚಿದ್ರೆ ಒಂದು ಕೂಪನ್ನಿನ ಬೆಲೆ 43 ರೂಪಾಯಿ. ಎರಡು ಸಾವಿರಕ್ಕೆ 43 ಅಂದ್ರೆ ಎರಡು ಪರ್ಸೆಂಟ್ ಚಿಲ್ಲರೆ ಡಿಸ್ಕೌಂಟು, ಅಷ್ಟೇ. ಪಕ್ಕದ ಅಂಗಡಿಯವನು ಕಾರು ಗೀರು ಏನೂ ಹೇಳ್ದೆ ಸುಮ್ನೆ ಐದು ಪರ್ಸೆಂಟ್ ಬಿಟ್ರೆ ನಿಮಗೆ ಎರಡು ಸಾವಿರಕ್ಕೆ ನೂರು ರೂಪಾಯಿ ಕೈಯಲ್ಲೇ ಉಳಿಯುತ್ತೆ. ಆದ್ರೆ ಐದು ಪರ್ಸೆಂಟ್ ಅಂತ ಬೋರ್ಡ್ ಹಾಕಿದ್ರೆ ಯಾರೂ ತಿರುಗಿ ನೋಡಲ್ಲ, ರಿಬ್ಬನ್ ಕಟ್ಟಿದ ಕಾರನ್ನ ಅಂಗಡಿ ಮುಂದೆ ನಿಲ್ಸಿದ್ರೆ ಮಕ್ಕಳು ಫೋಟೋ ತೆಗೆಸ್ಕೊಳ್ತಾರೆ. 30 ಸಾವಿರ ಕೂಪನ್ ಹೋಗಿದೆ ಅಂದ್ರೆ ಕಮ್ಮಿ ಅಂದ್ರೂ ಆರು ಕೋಟಿ ವ್ಯಾಪಾರ ಆಗಿದೆ, ಅದರ ಮುಂದೆ 13 ಲಕ್ಷ ಜಾಹೀರಾತಿನ ಖರ್ಚು ಅಂತ ನೋಡಿದ್ರೆ ತೀರಾ ಕಮ್ಮಿ. ಬಿಲ್ 1,700 ಆದಾಗ ಸೇಲ್ಸ್‌ನವರು ಇನ್ನು ಮುನ್ನೂರಕ್ಕೆ ಏನಾದ್ರೂ ತಗೊಳ್ಳಿ ಮೇಡಂ, ಒಂದು ಕೂಪನ್ ಬರುತ್ತೆ ಅಂತಾರಲ್ಲ, ಆಗ ನಾವು ಬೇಡದೇ ಇರೋ ಟವೆಲ್ ತಗೊಂಡು 43 ರೂಪಾಯಿ ಕೂಪನ್‌ಗೆ 300 ಕೊಟ್ಟಿರ್ತೀವಿ. ಬೇಕಾಗಿದ್ದೇ ತಗೊಂಡು ಕೂಪನ್ ಬಂದ್ರೆ ಡಬ್ಬಕ್ಕೆ ಹಾಕಿ, ಅದರಲ್ಲಿ ಕಳ್ಕೊಳ್ಳೋದು ಏನಿಲ್ಲ.

ಏನೂ ಕೊಳ್ದೆ ಬರೀ ಹೆಸರು, ಫೋನ್ ನಂಬರ್ ಬರೆದು ಹಾಕೋ ಡಬ್ಬಗಳೂ ಇರ್ತಾವೆ, ಎಕ್ಸಿಬಿಷನ್ ಕಡೆ, ಮಾಲ್‌ಗಳಲ್ಲಿ ನೋಡಿರ್ತೀರ. ಅಮೆರಿಕದಲ್ಲಿ ಇಂಥದಕ್ಕೆ ಸ್ವೀಪ್‌ಸ್ಟೇಕ್ಸ್ ಅಂತಾರೆ. ಬಹುಮಾನ, ಅದೃಷ್ಟ, ದುಡ್ಡು ಕಟ್ಟೋದು ಮೂರೂ ಸೇರಿದ್ರೆ ಅಲ್ಲಿ ಅದು ಲಾಟರಿ ಆಗ್ಬಿಡುತ್ತೆ, ಖಾಸಗಿ ಕಂಪನಿ ನಡೆಸೋ ಹಾಗಿಲ್ಲ, ಅದಕ್ಕೆ ದುಡ್ಡು ಕಟ್ಟೋದನ್ನ ತೆಗೆದು ಏನೂ ಕೊಳ್ಳಬೇಕಾಗಿಲ್ಲ ಅಂತ ದಪ್ಪಕ್ಷರದಲ್ಲಿ ಹಾಕ್ತಾರೆ. ಗೆಲ್ಲೋ ಚಾನ್ಸು ಎಷ್ಟು ಎಂಟ್ರಿ ಬರುತ್ತೋ ಅದರ ಮೇಲೆ ಅಂತ ರೂಲ್ಸಲ್ಲಿ ಬರೆದಿರ್ತಾರೆ, ಅಂದ್ರೆ ನಮ್ಮ ಡಬ್ಬದ ಮಾತೇ. ಅಲ್ಲೂ ಜನ ವಸ್ತು ಕೊಂಡ್ರೆ ಚಾನ್ಸ್ ಜಾಸ್ತಿ ಅಂತ ನಂಬ್ತಾರೆ. ಪಬ್ಲಿಷರ್ಸ್ ಕ್ಲಿಯರಿಂಗ್ ಹೌಸ್ ಅನ್ನೋ, ಸ್ವೀಪ್‌ಸ್ಟೇಕ್ಸ್ ನಡೆಸೋ ಹೆಸರಾಂತ ಕಂಪನಿ ಆ ನಂಬಿಕೆ ಹುಟ್ಟೋ ಥರ ವೆಬ್‌ಸೈಟ್ ಮಾಡಿದೆ ಅಂತ ಗ್ರಾಹಕರ ಹಿತ ಕಾಯೋ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಕೇಸ್ ಹಾಕಿ, 2023ರಲ್ಲಿ ಒಂದು ಕೋಟಿ 85 ಲಕ್ಷ ಡಾಲರ್ ಕೊಡೋದಕ್ಕೆ ಕಂಪನಿ ಒಪ್ಕೊಳ್ತು. ನಮ್ಮಲ್ಲಿ ಫ್ರೀ ಡಬ್ಬಕ್ಕೆ ನಾವು ಕೊಡೋ ಬೆಲೆ ಫೋನ್ ನಂಬರ್, ಆಮೇಲೆ ಸೈಟು, ಇನ್ಶೂರೆನ್ಸು, ಕ್ಲಬ್ ಮೆಂಬರ್‌ಶಿಪ್ ಅಂತ ಕಾಲ್ ಬರೋದು ಶುರು ಆದಾಗ ಆ ಬೆಲೆ ಗೊತ್ತಾಗುತ್ತೆ.

ಮಂಡ್ಯ ಕಡೆ ಹಳ್ಳಿಗಳಲ್ಲಿ ಇನ್ನೊಂದು ಇದೆ, ಲಕ್ಕಿ ಸ್ಕೀಮ್. ಅದರ ಬಗ್ಗೆ ಬರೀವಾಗ ಈಗಲೂ ಹೊಟ್ಟೆ ಉರಿಯುತ್ತೆ ನನಗೆ. ಮದ್ದೂರು ತಾಲ್ಲೂಕಲ್ಲಿರೋ ನಮ್ಮ ಅತ್ತೆ ತಿಂಗಳಿಗೆ ಸಾವಿರದಂತೆ ಕಟ್ಟಿದ್ರು, 1,000 ಜನ ಮೆಂಬರು, 20 ತಿಂಗಳು, ತಿಂಗಳಿಗೊಬ್ಬರಿಗೆ ಬೈಕು, ಬೈಕ್ ಬಂದವರು ಮುಂದಕ್ಕೆ ಕಟ್ಟಂಗಿಲ್ಲ, ಬರದೇ ಇದ್ದವರಿಗೆ ಕೊನೇಲಿ ಕಟ್ಟಿದಷ್ಟು ಬೆಲೆಯ ಸಾಮಾನು. ಕಳ್ಕೊಳ್ಳೋದು ಏನೂ ಇಲ್ವಲ್ಲ ಅಂತ ಕಟ್ಟಿದ್ದು. ಲೆಕ್ಕ ನೋಡಿ, 20 ಬೈಕು 1,000 ಜನ, ನೂರಕ್ಕೆ ಎರಡು ಚಾನ್ಸು. ಮಿಕ್ಕ 980 ಜನ ಇಪ್ಪತ್ತು ತಿಂಗಳು ಬಡ್ಡಿ ಇಲ್ದೆ ದುಡ್ಡು ಕೊಟ್ಟು ಕೂತಿರ್ತಾರೆ, ತಿಂಗಳಿಗೆ ಹತ್ತು ಲಕ್ಷ ಬರ್ತಿದೆ, ಒಂದು ಲಕ್ಷಕ್ಕೆ ಬೈಕ್ ಹೋಗ್ತಿದೆ, ಮಿಕ್ಕ ಒಂಬತ್ತು ಲಕ್ಷ ನಡೆಸೋನ ಕೈಲಿ. ಹನ್ನೆರಡನೇ ತಿಂಗಳಿಗೆ ಒಂದು ಕೋಟಿ ಮೇಲೆ ಆಗಿರುತ್ತೆ, ಅತ್ತೆ ಸ್ಕೀಮಿನವನು ಹದಿನಾಲ್ಕನೇ ತಿಂಗಳಿಗೆ ಫೋನ್ ಆಫ್ ಮಾಡ್ದ. ಅತ್ತೆ ಹಾಲು ಹಾಕಿದ ದುಡ್ಡು ಅದು, ಡೈರಿ ಬಿಲ್ಲಿಂದ ತಿಂಗಳು ತಿಂಗಳು ಎತ್ತಿಟ್ಟಿದ್ದು. ಗೆಲ್ಲೋ ಚಾನ್ಸು ನೂರಕ್ಕೆ ಎರಡು ಅನ್ನೋದನ್ನ ಎಲ್ಲಾ ನೋಡಿದ್ರು, ನಡೆಸೋನು ಓಡಿಹೋಗೋ ಚಾನ್ಸ್ ಎಷ್ಟು ಅಂತ ಯಾರೂ ಕೇಳ್ಲಿಲ್ಲ, ಅದನ್ನ ಅಳೆಯೋ ಸೂತ್ರ ನನ್ನ ಹತ್ರನೂ ಇಲ್ಲ. ಇಂಥ ಸ್ಕೀಮು 1978ರ ಕಾಯ್ದೆ ಪ್ರಕಾರ ನಿಷೇಧ. ರಿಜಿಸ್ಟರ್ ಆದ ಚಿಟ್ ಫಂಡ್ ಬೇರೆ, ಅದಕ್ಕೆ 1982ರ ಪ್ರತ್ಯೇಕ ಕಾನೂನಿದೆ, ಎರಡನ್ನೂ ಒಂದೇ ಅಂದ್ಕೋಬೇಡಿ.

ಕಾನೂನಿನ ಮಾತು ಬಂದಿದ್ದಕ್ಕೆ ಒಂದೆರಡು ಹೇಳ್ಬಿಡ್ತೀನಿ. ಕರ್ನಾಟಕದಲ್ಲಿ ಲಾಟರಿ 2007ರಿಂದ ಇಲ್ಲ. ಅದಕ್ಕೆ ಮುಂಚೆ ಮಂಡ್ಯ ಬಸ್ ಸ್ಟ್ಯಾಂಡ್ ಹತ್ರ ಒಂದಂಕಿ ಲಾಟರಿಗೆ ಕೂಲಿ ದುಡ್ಡೆಲ್ಲ ಸುರಿದು ಬರಿಗೈಲಿ ಮನೆಗೆ ಹೋಗೋರನ್ನ ನಾನು ಚಿಕ್ಕವನಿದ್ದಾಗ ನೋಡಿದೀನಿ. ಒಂದಂಕಿ ಅಂದ್ರೆ ಸೊನ್ನೆಯಿಂದ ಒಂಬತ್ತರೊಳಗೆ ಒಂದೇ ಅಂಕಿ ಹೊಂದಿದ್ರೆ ಸಾಕು, ಹತ್ತಕ್ಕೆ ಒಂದು ಚಾನ್ಸು, ಆಗಾಗ ಬರುತ್ತೆ, ಅದಕ್ಕೇ ಬಿಡಕ್ಕಾಗ್ದೇ ಇದ್ದಿದ್ದು, 1998ರ ಕೇಂದ್ರ ಕಾಯ್ದೆ ಒಂದಂಕಿ ಮೇಲೆ ಬಹುಮಾನ ಕೊಡಬಾರದು ಅಂತ ಹೇಳಿದ್ರೂ ನಿಂತಿರ್ಲಿಲ್ಲ. ಕೇರಳದ ಟಿಕೆಟ್ ಪೇಪರ್ ಟಿಕೆಟ್, ಕೇರಳದೊಳಗೆ ಮಾತ್ರ ಮಾರಾಟ. ವಾಟ್ಸಾಪಲ್ಲಿ ಟಿಕೆಟ್ ಫೋಟೋ ಕಳಿಸಿ ಫೋನ್‌ಪೇ ಮಾಡಿ ಅನ್ನೋರನ್ನ ನಂಬಬೇಡಿ. ಅಂಗಡಿಯವರ ಸ್ಕೀಮ್ ಆದ್ರೆ 2019ರ ಗ್ರಾಹಕ ಕಾಯ್ದೆ ಪ್ರಕಾರ ಮುಗಿದ್ಮೇಲೆ ಫಲಿತಾಂಶ ತಿಳಿಸ್ದೆ ಮುಚ್ಚಿಡೋದು ಅನುಚಿತ ವ್ಯಾಪಾರ, ಪೇಪರಲ್ಲಿ ಜಾಹೀರಾತು ಕೊಟ್ಟಿದ್ರೆ ಅದೇ ಪೇಪರಲ್ಲಿ ರಿಸಲ್ಟೂ ಹಾಕಬೇಕು. ಯಾರಿಗೆ ಬಂತು ಅಂತ ಕೇಳೋ ಹಕ್ಕು ನಿಮಗಿದೆ, ಹೋಗಿ ಕೇಳಿ. ಮೆಕ್‌ಡೊನಾಲ್ಡ್ಸ್ ಅಂಥಾ ಕಂಪನಿಯ ಮೊನಾಪಲಿ ಆಟದಲ್ಲೇ, ಅಂದ್ರೆ ತಿಂಡಿ ಪ್ಯಾಕೆಟ್ ಜೊತೆ ಬರೋ ಚೀಟಿಯ ಆಟದಲ್ಲೇ, ಬಹುಮಾನದ ಚೂರುಗಳನ್ನ ಕಾಯೋ ಕೆಲಸದವನೇ ಕದ್ದು ತನಗೆ ಬೇಕಾದವರಿಗೆ ಹಂಚ್ತಿದ್ದ, ಅಮೆರಿಕದ ಎಫ್‌ಬಿಐ ಹಿಡಿದಿದ್ದು 2001ರಲ್ಲಿ. ಅಷ್ಟು ವರ್ಷ ಆಡಿದ ಜನ ಲೆಕ್ಕ ಹಾಕ್ಕೊಂಡಿದ್ದ ಚಾನ್ಸು ಕಾಗದದ ಮೇಲೆ ಮಾತ್ರ ಇತ್ತು.

ಇನ್ನು ನೀವು ಹಾಕದೇ ಇರೋ ಡ್ರಾಲಿ ನಿಮಗೆ 25 ಲಕ್ಷ ಬಂದಿದೆ ಅಂತ ಬರೋ ಮೆಸೇಜು, ಪೋಸ್ಟಲ್ಲಿ ಬರೋ ಸ್ಕ್ರಾಚ್ ಕಾರ್ಡು. ಉಜ್ಜಿದ ತಕ್ಷಣ ಕಾರ್ ಬರುತ್ತೆ, ಯಾಕಂದ್ರೆ ಎಲ್ಲರಿಗೂ ಕಳಿಸೋ ಕಾರ್ಡಲ್ಲೂ ಕಾರೇ ಇರುತ್ತೆ. ಡಬ್ಬದಲ್ಲಿ ನಿಮ್ಮ ಚೀಟಿ ಸೊನ್ನೆ ಅಂದ್ಮೇಲೆ ಚಾನ್ಸೂ ಸೊನ್ನೆ, ಇಲ್ಲಿ ಭಾಗಾಕಾರನೂ ಬೇಡ. ಜಿಎಸ್‌ಟಿ ಕಟ್ಟಿ, ಪ್ರೊಸೆಸಿಂಗ್ ಫೀ ಕಟ್ಟಿ ಅಂತ ಮೊದಲು ಐದು ಸಾವಿರ ಆಮೇಲೆ ಐವತ್ತು ಸಾವಿರ ಕೇಳ್ತಾ ಹೋಗ್ತಾರೆ. ಯಾರಾದ್ರೂ ಕಟ್ಟಿದ್ರೆ ನಾಚಿಕೆ ಪಟ್ಕೊಂಡು ಕೂರಬೇಡಿ, ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕಾಲ್ ಮಾಡಿ, ಬೇಗ ಮಾಡಿದಷ್ಟೂ ದುಡ್ಡು ಬ್ಯಾಂಕಲ್ಲೇ ತಡೆಹಿಡಿಯೋ ಸಾಧ್ಯತೆ ಜಾಸ್ತಿ.

ಆದ್ರೆ ನಿಜವಾದ ಬಹುಮಾನದಲ್ಲೂ ಟ್ಯಾಕ್ಸ್ ಇದೆ, ಇಲ್ಲಿ ಜನಕ್ಕೆ ಗೊಂದಲ ಆಗುತ್ತೆ. ಬಹುಮಾನ ಹತ್ತು ಸಾವಿರ ದಾಟಿದ್ರೆ 30 ಪರ್ಸೆಂಟ್ ಟಿಡಿಎಸ್. ದುಡ್ಡಿನ ಬಹುಮಾನ ಆದ್ರೆ ಅದರಲ್ಲೇ ಹಿಡ್ಕೊಂಡು ಮಿಕ್ಕಿದ್ದು ಕೊಡ್ತಾರೆ, ನಿಮ್ಮ ಹತ್ರ ಏನೂ ಕೇಳಲ್ಲ. ಕಾರ್ ಆದ್ರೆ ಕತ್ತರಿಸಿ ಕೊಡಕ್ಕಾಗಲ್ವಲ್ಲ, ಅದಕ್ಕೆ ಟ್ಯಾಕ್ಸ್ ಸರ್ಕಾರಕ್ಕೆ ಕಟ್ಟಿದ್ಮೇಲೇ ಕೀ ಕೊಡಬೇಕು ಅಂತ ಕಾನೂನು. ಕೆಲವು ಅಂಗಡಿ ತಾವೇ ಕಟ್ತಾರೆ, ಇಲ್ಲಾಂದ್ರೆ ಗೆದ್ದವರು ಕಟ್ಟಬೇಕು, ಕೂಪನ್ ಹಿಂದೆ ಸಣ್ಣಕ್ಷರದಲ್ಲಿ ಇರೋದು ಇದೇ. ಅಮ್ಮನ ಕೂಪನ್ ಹಿಂದೆನೂ ಇತ್ತು, ತೆರಿಗೆ ವಿಜೇತರದ್ದು ಅಂತ.

ಅಮ್ಮಂಗೆ ಓದಿ ಹೇಳ್ದೆ. ಎಂಟು ಲಕ್ಷದ ಕಾರಿಗೆ ಎರಡು ಲಕ್ಷದ ನಲವತ್ತು ಸಾವಿರ ಮೊದಲು ಕಟ್ಟಬೇಕು, ರಿಜಿಸ್ಟ್ರೇಷನ್, ಇನ್ಶೂರೆನ್ಸ್ ಬೇರೆ. ಮಿಕ್ಸಿ ಆದ್ರೆ ಮೂರು ಸಾವಿರದ್ದು, ಟಿಡಿಎಸ್ ಬರಲ್ಲ. ಅಮ್ಮ ಸ್ವಲ್ಪ ಹೊತ್ತು ಯೋಚನೆ ಮಾಡಿ ಆರು ಕೂಪನ್ನೂ ಫೋಟೋ ಮುಂದಿಂದ ತಗೊಂಡು, ಅಣ್ಣನ ಹಳೇ ಫೋನ್ ನಂಬರ್ ಬರೆಸಿ ಬ್ಯಾಗಿಗೆ ಹಾಕ್ಕೊಂಡ್ರು. "ಹಂಗಾದ್ರೆ ಮಿಕ್ಸಿನೇ ಬರ್ಲಿ ಬಿಡು, ನಮ್ದು ಜಾರ್ ಲೀಕ್ ಆಗ್ತಿದೆ."